ಬಣ್ಣ ಮುಟ್ಟಿದವರು

ಆ ದಿನದ ಎಲ್ಲ ಅವಾಂತರಕ್ಕೂ ಮೂಲ ಟೇಪಣ್ಣನ ಎಡಗಾಲಿನ ಹಿಮ್ಮಡಿಯಲ್ಲಿ ಎದ್ದಿದ್ದ ಒಂದು ಬೊಬ್ಬೆ. ಗಾತ್ರದಲ್ಲಿ ಅದು ಕಡಲೆಕಾಳಿಗಿಂತ ದೊಡ್ಡದೇನಲ್ಲ. ಆದರೆ ಹೊಸ ಬೂಟಿನೊಳಗೆ ಕೂತು ಅದು ನಡೆಸುತ್ತಿದ್ದ ದರಬಾರು ನೋಡಿದರೆ, ಬೊಬ್ಬೆಯೇ ಯಜಮಾನ, ಟೇಪಣ್ಣ ಅದನ್ನು ಹೊತ್ತು ತಿರುಗುವ ಆಳು ಎನ್ನಬೇಕು.

ಟೇಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಗುಹೆಗಳನ್ನು ಅಳೆಯುವ ತಂಡದಲ್ಲಿ ಟೇಪಿನ ತುದಿ ಹಿಡಿದು ಕತ್ತಲೊಳಗೆ ಎಲ್ಲರಿಗಿಂತ ಮುಂದೆ ತೆವಳುವ ಕೆಲಸ ಅವನದು. ಹಿಂದಿನವರು ‘ಎಳಿ’ ಎಂದರೆ ಎಳೆಯಬೇಕು, ‘ಸಡಿಲ ಬಿಡು’ ಎಂದರೆ ಬಿಡಬೇಕು, ‘ಅಲ್ಲೇ ಇರು’ ಎಂದರೆ ಹೊಟ್ಟೆಯ ಕೆಳಗೆ ಕೆಸರು, ಬೆನ್ನ ಮೇಲೆ ಬಾವಲಿಯ ಹಿಕ್ಕೆ ಇಟ್ಟುಕೊಂಡು ಅಲ್ಲೇ ಇರಬೇಕು. ಪ್ರತಿ ವರ್ಷ ಮಳೆ ನಿಂತು ಹಳ್ಳಗಳು ಸೊರಗಿದ ಕೂಡಲೇ ತಂಡ ಕಾಡಿಗೆ ಬಂದು ಡೇರೆ ಹೊಡೆಯುತ್ತದೆ. ಮತ್ತೆ ಮಳೆ ಬಿದ್ದಾಗಲೇ ಮನೆಗೆ ವಾಪಸು. ಹೀಗಾಗಿ ವರ್ಷದ ಅರ್ಧ ಭಾಗ ಟೇಪಣ್ಣ ಭೂಮಿಯ ಮೇಲೆ ಇರುವುದೇ ಅಪರೂಪ.

ಹೋದ ಸಲ ಮನೆಗೆ ಹೋದಾಗ ಅವನ ಮಗಳು ಬಾಗಿಲು ತೆರೆದು, ಮೇಲಿಂದ ಕೆಳಗೆ ಒಮ್ಮೆ ನೋಡಿ, "ಅಮ್ಮಾ, ಯಾರೋ ಬಂದಿದ್ದಾರೆ!" ಎಂದು ಒಳಗೆ ಕೂಗಿದ್ದಳು. ಹೆಂಡತಿ ನಕ್ಕಳು, ಅವನೂ ನಕ್ಕ. ಆದರೆ ಆ ಮಾತು ಅವನ ಎದೆಗೆ ಮುಳ್ಳಿನಂತೆ ನಾಟಿ, ಅಲ್ಲೇ ಉಳಿದಿತ್ತು. ಇಷ್ಟರಲ್ಲಿ ನಗರದ ಕೇಂದ್ರ ಕಚೇರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದವರು ನಿವೃತ್ತರಾಗಿ ಆ ಕುರ್ಚಿ ಖಾಲಿ ಬಿದ್ದಿತ್ತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ತಲೆಯ ಮೇಲೆ ಫ್ಯಾನು, ಕಾಲ ಕೆಳಗೆ ಸಪಾಟು ನೆಲ, ಮಗಳಿಗೆ ದಿನಾ ಸಂಜೆ ಪರಿಚಯವಿರುವ ಅಪ್ಪ. "ಆ ಕುರ್ಚಿ ಸಿಕ್ಕಿದ ಮೇಲೆ ಫೋನ್ ಮಾಡಿ, ಅಲ್ಲೀವರೆಗೆ ಗುಹೆ ಸುದ್ದಿ ನನಗೆ ಬೇಡ" ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಕುರ್ಚಿಯ ಕೀಲಿಕೈ ಇದ್ದದ್ದು ತಂಡದ ಮುಖ್ಯಸ್ಥರಾದ ಸಾಹೇಬರ ಹತ್ತಿರ. ಸಾಹೇಬರಿಗೆ ಒಂದು ಸಿದ್ಧಾಂತವಿತ್ತು. ಗುಡ್ಡದ ನೆತ್ತಿಯ ಮೇಲಿನ ಗುಂಡಿಯೊಳಗೆ ಬಿದ್ದು ಮಾಯವಾಗುವ ಹಳ್ಳದ ನೀರು ಸುಣ್ಣಕಲ್ಲಿನ ಹೊಟ್ಟೆಯೊಳಗೆ ಹರಿದು ಬಂದು, ಈ ಕಡೆ ಡೇರೆಗಳ ಹಿಂದಿರುವ ಬುಗ್ಗೆಯಲ್ಲೇ ಏಳುತ್ತದೆ ಎಂಬುದು ಅದರ ಸಾರ. ಇದನ್ನು ಸಾಬೀತು ಮಾಡಲು ಪ್ರತಿ ವರ್ಷ ಗುಂಡಿಗೆ ಬಣ್ಣದ ಪುಡಿ ಸುರಿಯುತ್ತಿದ್ದರು. ಒಣಗಿದ್ದಾಗ ಇಟ್ಟಿಗೆಪುಡಿಯಂತೆ ಕಾಣುವ ಅದು ಒಂದು ಹನಿ ನೀರು ಸೋಕಿದರೆ ಸಾಕು, ಗಿಣಿಹಸಿರಾಗುತ್ತದೆ. ಬುಗ್ಗೆ ಮಾತ್ರ ಪ್ರತಿ ವರ್ಷವೂ ತಿಳಿನೀರನ್ನೇ ಉಕ್ಕಿಸಿ ಸಾಹೇಬರ ಮುಖಕ್ಕೆ ಹೊಡೆದಂತೆ ಮಾಡುತ್ತಿತ್ತು.

"ಟೇಪಣ್ಣ, ಇವತ್ತು ಕೇಂದ್ರ ಕಚೇರಿಯಿಂದ ನಿರ್ದೇಶಕಿ ಮೇಡಂ ಬರ್ತಾರೆ" ಎಂದು ಸಾಹೇಬರು ಬೆಳಿಗ್ಗೆಯೇ ಬಣ್ಣದ ಡಬ್ಬ ಅವನ ಕೈಗಿತ್ತರು. "ಅವರು ನೋಡೋ ಹೊತ್ತಿಗೆ ಬುಗ್ಗೆ ಹಸಿರಾಗಿರ್ಬೇಕು. ಹಸಿರಾದ್ರೆ ಉಗ್ರಾಣದ ಕುರ್ಚಿ ನಿಮ್ಮದು. ನಾನೇ ಶಿಫಾರಸು ಮಾಡ್ತೀನಿ."

"ಆಗದಿದ್ರೆ ಸಾರ್?"

"ಆಗದಿದ್ರೆ ನಮ್ಮಲ್ಲಿ ಯಾರಿಗೂ ಕೂರೋಕೆ ಏನೂ ಉಳಿಯಲ್ಲ. ತಂಡಾನೇ ಮುಚ್ಚಿ ಹಾಕ್ತಾರೆ."

"ನಿಯಮ ನೆನಪಿದೆ ತಾನೇ?" ಎಂದು ನಕ್ಷೆಯಕ್ಕ ತನ್ನ ಡೇರೆಯಿಂದಲೇ ಕೂಗಿದಳು. ತಂಡದ ನಕ್ಷೆಗಳನ್ನೆಲ್ಲ ಬರೆಯುವವಳು ಅವಳು. ನಕ್ಷೆಗೆ ಹಾಕುವಷ್ಟೇ ಗೆರೆಗಳನ್ನು ಉಳಿದವರ ನಡವಳಿಕೆಗೂ ಹಾಕುತ್ತಿದ್ದಳು. "ಬಣ್ಣ ಮುಟ್ಟಿದವರು ಸಂಜೆವರೆಗೆ ನೀರು ಮುಟ್ಟೋ ಹಾಗಿಲ್ಲ. ಕೈ ತೊಳೆಯೋದು, ಮುಖ ತೊಳೆಯೋದು ಏನೂ ಇಲ್ಲ. ನಿಮ್ಮ ಕೈಯಿಂದ ಬುಗ್ಗೆ ಹಸಿರಾದ್ರೆ ಇಡೀ ಪರೀಕ್ಷೆ ಹಾಳು."

"ನಮ್ಮ ಭಾವ ಹಾಗೆಲ್ಲ ಮಾಡೋರಲ್ಲ ಅಕ್ಕಾ" ಎಂದು ಹಗ್ಗ ಸುತ್ತುತ್ತಿದ್ದ ಭಾವಮೈದುನ ಎದೆ ತಟ್ಟಿ ಹೇಳಿದ. ಇವನು ಟೇಪಣ್ಣನ ಹೆಂಡತಿಯ ತಮ್ಮ. ತಂಡದಲ್ಲಿ ಹಗ್ಗ ಹಿಡಿಯುವುದು ಅವನ ಕೆಲಸ, ಭಾವ ಏನು ತಿಂದ, ಎಲ್ಲಿ ಜಾರಿಬಿದ್ದ ಎಂದು ಅಕ್ಕನಿಗೆ ವರದಿ ಒಪ್ಪಿಸುವುದು ಅವನ ಹವ್ಯಾಸ.

ಟೇಪಣ್ಣ ಹೊರಟ. ಕಾಲುದಾರಿಯ ಮೊದಲ ತಿರುವಿನಲ್ಲಿ ಬೊಬ್ಬೆ ಚುರುಗುಟ್ಟಿತು. ಎರಡನೆಯ ತಿರುವಿನಲ್ಲಿ ಅವನು ಬೂಟು ತಯಾರಿಸಿದವನ ವಂಶವನ್ನು ನೆನೆದ. ಏರು ಶುರುವಾದ ಮೇಲಂತೂ ಒಂದೊಂದು ಹೆಜ್ಜೆಗೂ ಬಾಯಿಂದ ಒಂದೊಂದು ಸದ್ದು ಹೊರಡತೊಡಗಿ, ಮರದ ಮೇಲಿದ್ದ ಮಂಗಗಳು ಯಾವುದೋ ಹೊಸ ಜಾತಿ ಬಂತೆಂದು ಇಣುಕಿ ನೋಡಿದವು. ತಲೆಯೆತ್ತಿದರೆ ನೆತ್ತಿ ಇನ್ನೂ ಎಲ್ಲೋ ಮೋಡದ ಪಕ್ಕದಲ್ಲಿತ್ತು.

ಅರ್ಧ ದಾರಿಯಲ್ಲಿ ಒಂದು ಅತ್ತಿಮರ. ಅದರ ಬುಡದಲ್ಲಿ ಬಂಡೆ ಸೀಳಿ ಒಂದು ಬಿರುಕು. ಎಲ್ಲಿಂದಲೋ ಬಂದ ಸಣ್ಣ ನೀರಿನ ಎಳೆಯೊಂದು ಗುಟುಕ್ ಗುಟುಕ್ ಎಂದು ಅದರೊಳಗೆ ಇಳಿಯುತ್ತಿತ್ತು. ಟೇಪಣ್ಣ ಬೂಟು ಬಿಚ್ಚಿ ಅಲ್ಲೇ ಕೂತ. ಹಿಮ್ಮಡಿಯನ್ನು ನೋಡಿದ, ನೆತ್ತಿಯನ್ನು ನೋಡಿದ, ಬಿರುಕನ್ನು ನೋಡಿದ. ಆಮೇಲೆ ಆಳವಾಗಿ ಯೋಚಿಸುವವನಂತೆ ಗಲ್ಲ ಕೆರೆದುಕೊಂಡ. ‘ಗುಡ್ಡ ಒಂದೇ, ಅದರ ಹೊಟ್ಟೆಯೂ ಒಂದೇ. ಔಷಧಿಯನ್ನು ಬಾಯಿಂದ ಕೊಟ್ಟರೇನು, ಮೂಗಿನಿಂದ ಕೊಟ್ಟರೇನು?’ ಸೋಮಾರಿತನಕ್ಕೆ ಇಷ್ಟು ಚೆನ್ನಾಗಿ ತರ್ಕದ ಅಂಗಿ ತೊಡಿಸಿದ ಮೇಲೆ ತಡ ಮಾಡುವುದೇನು? ಅವನು ಡಬ್ಬದ ಮುಚ್ಚಳ ಕಿತ್ತು ಪುಡಿಯನ್ನೆಲ್ಲ ಬಿರುಕಿಗೆ ಸುರಿದುಬಿಟ್ಟ.

ಅದೇ ಹೊತ್ತಿಗೆ ಗಾಳಿ ಬೀಸಿತು. ಪುಡಿ ಎದ್ದು ಮುಖಕ್ಕೆ, ಕುತ್ತಿಗೆಗೆ, ಅಂಗಿಯೊಳಕ್ಕೆಲ್ಲ ಹೊಕ್ಕಿತು. ಸೀನು ಬಂತು. ಸೀನಿದಷ್ಟೂ ಪುಡಿ ಎದ್ದಿತು, ಪುಡಿ ಎದ್ದಷ್ಟೂ ಸೀನು ಬಂತು. ಬೆವರು ಇದ್ದಲ್ಲೆಲ್ಲ ಹಸಿರು ಒಡೆಯಿತು. ಒರೆಸಿಕೊಂಡಷ್ಟೂ ಅದು ಹರಡಿ, ಕೊನೆಗೆ ಅವನ ಹಲ್ಲು ಬಿಟ್ಟರೆ ಮಿಕ್ಕದ್ದೆಲ್ಲ ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗಿತು.

ನೆತ್ತಿಗೆ ಹೋದವನು ಇಷ್ಟು ಬೇಗ ಇಳಿದು ಬಂದರೆ ಅನುಮಾನ ಬರುವುದಿಲ್ಲವೇ? ಹೊತ್ತು ಕಳೆಯಲೆಂದು ಅವನು ಡಬ್ಬವನ್ನೇ ತಲೆದಿಂಬು ಮಾಡಿಕೊಂಡು ಒರಗಿದ. ಉಗ್ರಾಣದ ಕುರ್ಚಿಗೆ ಕೈಗಳಿವೆಯೋ ಇಲ್ಲವೋ, ಒರಗಿದರೆ ಕಿರುಗುಟ್ಟುತ್ತದೆಯೋ ಎಂದು ಚಿಂತಿಸುತ್ತಿದ್ದಂತೆಯೇ ಗೊರಕೆ ಹತ್ತಿತು.

ಎಚ್ಚರವಾದದ್ದು ಕೆಳಗಿನಿಂದ ಬಂದ ಸೀಟಿಯ ಸದ್ದಿಗೆ. ಭಾವಮೈದುನ ಸೀಟಿ ಊದುತ್ತ ಕಿರುಚುತ್ತಿದ್ದ: "ಹಸಿರು! ಹಸಿರು ಬಂತು! ಭಾವಾ, ಬೇಗ ಬನ್ನಿ!"

ಟೇಪಣ್ಣನಿಗೆ ನಂಬಲಾಗಲಿಲ್ಲ. ಬರಿಗಾಲಲ್ಲೇ ಬೂಟು ಕೈಯಲ್ಲಿ ಹಿಡಿದು ಕುಂಟುತ್ತ ಓಡಿದ. ಡೇರೆಗಳ ಹಿಂದೆ ಬುಗ್ಗೆ ನಿಜಕ್ಕೂ ಹಸಿರಾಗಿತ್ತು. ಅಂಥಿಂಥ ಹಸಿರಲ್ಲ. ಕಣ್ಣು ಕುಕ್ಕುವ ಹಸಿರು, ಗಟ್ಟಿ ಹಸಿರು. ಕಪ್ಪೆಯೊಂದು ಅದರೊಳಗಿಂದ ಹಾರಿ ದಡಕ್ಕೆ ಬಂದು, ತನ್ನನ್ನು ತಾನೇ ನೋಡಿಕೊಂಡು ದಿಗ್ಭ್ರಾಂತವಾಗಿ ಕೂತಿತ್ತು.

"ಅಲ್ಲೇ ನಿಲ್ಲಪ್ಪಾ!" ಎಂದು ಅಡುಗೆಯಮ್ಮ ಸೌಟು ಅಡ್ಡ ಹಿಡಿದಳು. "ನಿನ್ನ ಮೈ ನೋಡು. ಇನ್ನೊಂದು ಹೆಜ್ಜೆ ಇಟ್ರೆ ನನ್ನ ಪಾತ್ರೆ ಪಗಡ ಎಲ್ಲ ಹಾಳು. ಮೊದಲೇ ಇವತ್ತು ಚಹಾ ಹಸಿರು, ಬೇಯಿಸಿದ ಆಲೂಗಡ್ಡೆ ಹಸಿರು. ತಿನ್ನೋರ ನಾಲಿಗೆ ನೋಡಿದ್ರೆ ನನಗೇ ಭಯ ಆಗ್ತಿದೆ."

ಸಾಹೇಬರ ಕಣ್ಣಲ್ಲಿ ನೀರಾಡುತ್ತಿತ್ತು. ಅವರು ಎರಡೂ ತೋಳು ಚಾಚಿ, ನಿಯಮ ನೆನಪಾಗಿ, ಟೇಪಣ್ಣನನ್ನು ದೂರದಿಂದಲೇ ಅಪ್ಪಿಕೊಂಡರು. "ಟೇಪಣ್ಣ, ನನ್ನ ಜೀವಮಾನದ ಕೆಲಸ ಕಣ್ರೀ ಇದು! ಗೆದ್ದುಬಿಟ್ಟೆವು!"

‘ಮೂಗಿನಿಂದ ಕೊಟ್ಟದ್ದೂ ಹೊಟ್ಟೆಗೇ ಸೇರಿತಲ್ಲ’ ಎಂದು ಟೇಪಣ್ಣನ ಮನಸ್ಸು ಕುಣಿಯಿತು. ಸುಳ್ಳು ಹೇಳುವ ಅಗತ್ಯವೂ ಬೀಳಲಿಲ್ಲ. ಸುಮ್ಮನೆ ಹಲ್ಲು ಬಿಟ್ಟು ನಿಂತರೆ ಸಾಕಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ನಕ್ಷೆಯಕ್ಕ ಬಿಡುವ ಪೈಕಿಯಲ್ಲ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಲೆಕ್ಕ ಹಾಕಿಯೇ ಹಾಕಿದಳು. "ಸಾರ್, ನೆತ್ತಿಯಿಂದ ಇಲ್ಲಿಗೆ ಇಷ್ಟು ಬೇಗ ನೀರು ಬಂದಿದೆ ಅಂದ್ರೆ ಒಳಗೆ ಅಡ್ಡಿ ಆತಂಕ ಏನೂ ಇಲ್ಲ. ದೊಡ್ಡ ಸುರಂಗಾನೇ ಇರ್ಬೇಕು. ಮನುಷ್ಯ ನೆಟ್ಟಗೆ ನಿಂತ್ಕೊಂಡೇ ನಡೆದು ಬರಬಹುದು."

"ಸುರಂಗ!" ಎಂದು ಸಾಹೇಬರು ಆ ಪದವನ್ನು ಮಿಠಾಯಿಯಂತೆ ಬಾಯಲ್ಲಿ ಹೊರಳಿಸಿದರು.

ಆ ಹೊತ್ತಿಗೆ ಸರಿಯಾಗಿ ನಿರ್ದೇಶಕಿ ಮೇಡಂ ಬಂದರು. ಜೀಪು ಬರುವ ರಸ್ತೆ ಗುಡ್ಡದ ಆ ಬದಿಯಲ್ಲಿತ್ತು. ಅಲ್ಲಿ ಡ್ರೈವರನ್ನು ಬಿಟ್ಟು, ಗುಡ್ಡದ ಬುಡ ಬಳಸಿ ಕೋಲೂರುತ್ತ ನಡೆದು ಬಂದಿದ್ದರು. ಹಸಿರು ಬುಗ್ಗೆಯನ್ನು ನೋಡಿದರು, ಹಸಿರು ಕಪ್ಪೆಯನ್ನು ನೋಡಿದರು, ಹಸಿರು ಟೇಪಣ್ಣನನ್ನು ನೋಡಿದರು. ಸುರಂಗದ ವಿಷಯ ಕೇಳಿಸಿಕೊಂಡರು.

"ನೆಟ್ಟಗೆ ನಡೆದು ಬರಬಹುದು ಅಂತೀರಿ. ಹಾಗಾದ್ರೆ ಒಬ್ಬರನ್ನ ಕಳಿಸಿ ನೋಡೋಣ."

"ಖಂಡಿತ ಮೇಡಂ. ಮುಂದಿನ ವರ್ಷ..."

"ಮುಂದಿನ ವರ್ಷ ಯಾಕೆ? ನಾನು ಬಂದಿರೋದು ಇವತ್ತು. ನೀರಿಗೆ ಬರೋಕೆ ಆಗುತ್ತೆ, ನಿಮ್ಮೋರಿಗೆ ಆಗಲ್ವಾ?"

ಎಲ್ಲರ ಕಣ್ಣೂ ಟೇಪಣ್ಣನ ಕಡೆ ತಿರುಗಿದವು. ನೆತ್ತಿಯ ಗುಂಡಿ ಎಂಥದೆಂದು ಅವನಿಗೆ ಹಿಂದಿನ ವರ್ಷಗಳಿಂದಲೇ ಗೊತ್ತು. ಕಲ್ಲೊಂದನ್ನು ಎಸೆದು ಕಿವಿಗೊಟ್ಟರೆ, ಸದ್ದು ಬರುವಷ್ಟರಲ್ಲಿ ಎಸೆದದ್ದೇ ಮರೆತು ಹೋಗುವಂಥ ಗುಂಡಿ ಅದು. ಅದಕ್ಕೂ ಈ ಬುಗ್ಗೆಗೂ ಸಂಬಂಧವಿದೆಯೆಂದು ಅವನಿಗಂತೂ ಗೊತ್ತಿಲ್ಲ, ಯಾಕೆಂದರೆ ಬಣ್ಣ ಹೋದದ್ದು ಅತ್ತಿಮರದ ಬುಡಕ್ಕೆ. ಇಳಿದರೆ ಇಳಿದಂತೆಯೇ.

"ಭಾವ ಇಳೀತಾರೆ ಮೇಡಂ!" ಎಂದು ಭಾವಮೈದುನ ಮುಂದೆ ಬಂದ. "ಹಗ್ಗ ನಾನೇ ಹಿಡೀತೀನಿ. ನಮ್ಮಕ್ಕಂಗೆ ಎಷ್ಟು ಹೆಮ್ಮೆ ಆಗುತ್ತೆ ಗೊತ್ತಾ?"

"ಅದಲ್ಲ... ನನ್ನ ಕಾಲು..." ಎಂದು ಟೇಪಣ್ಣ ಬೂಟು ಎತ್ತಿ ತೋರಿಸಿದ.

"ಕೆಳಗೆ ಇಳಿಯೋಕೆ ಕಾಲು ಯಾಕ್ರೀ? ಹಗ್ಗ ಇದೆಯಲ್ಲ" ಎಂದರು ಸಾಹೇಬರು. ಹತ್ತಿರ ಬಗ್ಗಿ, ಮೇಡಂಗೆ ಕೇಳಿಸದಂತೆ, "ಉಗ್ರಾಣ, ಟೇಪಣ್ಣ, ಉಗ್ರಾಣ. ಇದೊಂದು ಸಲ ಇಳಿದುಬಿಡಿ, ಆಮೇಲೆ ಜನ್ಮದಲ್ಲಿ ಗುಹೆ ನೋಡಬೇಡಿ" ಎಂದು ಉಸುರಿದರು.

ಅದು ನಿಜವಾಗುವ ಸಾಧ್ಯತೆ ಬಹಳವಿತ್ತು. ಭಾವಮೈದುನ ಆಗಲೇ ಅವನ ಸೊಂಟಕ್ಕೆ ಹಗ್ಗ ಬಿಗಿದು ಗಂಟು ಹಾಕುತ್ತಿದ್ದ. ಟೇಪಣ್ಣ ತೊಟ್ಟಿಲಲ್ಲಿಟ್ಟ ಕೂಸಿನಂತೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಬಾಯಿ ಬಿಟ್ಟರೆ ಕುರ್ಚಿ ಹೋಗುತ್ತದೆ, ಬಿಡದಿದ್ದರೆ ತಾನೇ ಹೋಗುತ್ತಾನೆ. ಮಗಳ ಮುಖ ಕಣ್ಣ ಮುಂದೆ ಬಂತು. ಅಪರಿಚಿತ ಅಪ್ಪನಾದರೂ ಅಪ್ಪನೇ ಅಲ್ಲವೇ, ಸತ್ತ ಅಪ್ಪನಿಗಿಂತ ವಾಸಿ ಎನ್ನಿಸಿತು. "ಸಾರ್, ಒಂದು ಮಾತು..." ಎಂದು ಅವನು ಗಂಟಲು ಸರಿಮಾಡಿಕೊಂಡ.

ಆದರೆ ಅವನಿಗಿಂತ ಮೊದಲು ಅಡುಗೆಯಮ್ಮ ಬಾಯಿ ತೆರೆದಳು.

"ಇಲ್ಲಿ ಬಟ್ಟೆ ನೆನೆ ಹಾಕಿದೋರು ಯಾರಪ್ಪಾ?" ಎಂದು ಅವಳು ಬುಗ್ಗೆಯ ಕಡೆಯಿಂದ ಬಂದಳು. "ಕುಡಿಯೋ ನೀರಿನ ಬಾಯಿಗೆ ತುರುಕೋದಾ ಇದನ್ನೆಲ್ಲ? ನೀರು ಕಟ್ಕೊಂಡು ಸಣ್ಣಗೆ ಬರ್ತಿತ್ತು. ಸೌಟು ಹಾಕಿ ಎಳೆದ್ರೆ ಇವು ಬಂದ್ವು."

ಅವಳ ಸೌಟಿನಲ್ಲಿ ಹಸಿರು ಸುರಿಸುತ್ತ ಮೂರು ಗಂಟುಗಳಿದ್ದವು. ಒಂದು, ಮೂಲೆಯಲ್ಲಿ ಗುಲಾಬಿ ಹೆಣೆದ ಕರವಸ್ತ್ರ. ಇನ್ನೊಂದು, ಚೌಕಳಿಯ ತಲೆವಸ್ತ್ರ. ಮತ್ತೊಂದು, ಹೆಬ್ಬೆರಳಿನ ಹತ್ತಿರ ತೂತಾದ ಒಂಟಿ ಕಾಲುಚೀಲ. ಎಲ್ಲದರೊಳಗೂ ಬಣ್ಣದ ಪುಡಿ ಇನ್ನೂ ಕರಗುತ್ತಿತ್ತು.

 

ಮೇಡಂ ಕೋಲಿನ ತುದಿಯಿಂದ ಕರವಸ್ತ್ರ ಎತ್ತಿದರು. "ಸಾಹೇಬರೇ, ಕಚೇರಿಗೆ ಬರುವಾಗ ನಿಮ್ಮ ಕೈಲಿರೋದು ಇದೇ ಅಲ್ವಾ?"

"ನನ್ನದೇ!" ಎಂದು ಸಾಹೇಬರು ಗುಡುಗಿದರು. ಗುಡುಗುವಷ್ಟರಲ್ಲಿ ಅವರಿಗೆ ಉಪಾಯ ಹೊಳೆದಿತ್ತು. "ನಿನ್ನೆಯಿಂದ ಹುಡುಕ್ತಾ ಇದ್ದೀನಿ. ಯಾರೋ ಕದ್ದಿದ್ದಾರೆ!"

"ನನ್ನ ತಲೆವಸ್ತ್ರಾನೂ ಹಗ್ಗದ ಮೇಲಿಂದ ಮಾಯ ಆಗಿತ್ತು" ಎಂದಳು ನಕ್ಷೆಯಕ್ಕ, ಮಾತಿಗೆ ಮಾತು ಸೇರಿಸಿ.

ಭಾವಮೈದುನ ಸ್ವಲ್ಪ ಹೊತ್ತು ಕಾಲುಚೀಲವನ್ನೇ ದಿಟ್ಟಿಸಿದ. ಆಮೇಲೆ ಬಹಳ ನೊಂದ ದನಿಯಲ್ಲಿ, "ಭಾವ, ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ? ಕದಿಯೋ ಅಗತ್ಯ ಏನಿತ್ತು?" ಎಂದ.

"ನಾನಾ?" ಎಂದ ಟೇಪಣ್ಣ.

ಅವನಲ್ಲದೆ ಇನ್ನಾರು? ಅಲ್ಲಿದ್ದವರಲ್ಲಿ ಅಡಿಯಿಂದ ಮುಡಿಯವರೆಗೆ ಹಸಿರಾಗಿ ನಿಂತಿದ್ದವನು ಅವನೊಬ್ಬನೇ. ಕಪ್ಪೆಯನ್ನು ಯಾರೂ ಅನುಮಾನಿಸುವಂತಿರಲಿಲ್ಲ.

"ನನಗೆ ಆಗಲೇ ಸಂಶಯ ಇತ್ತು" ಎಂದರು ಸಾಹೇಬರು, ಸ್ವಲ್ಪ ಹೊತ್ತಿನ ಹಿಂದೆ ಅಪ್ಪಿಕೊಂಡಿದ್ದವರು. "ಉಗ್ರಾಣದ ಕುರ್ಚಿ ಆಸೆಗೆ ಈ ಮನುಷ್ಯ ವಿಜ್ಞಾನಕ್ಕೇ ವಿಷ ಹಾಕಿದ್ದಾನೆ."

"ಮೇಡಂ, ನಾನು ಬುಗ್ಗೆ ಹತ್ರ ಹೋಗೇ ಇಲ್ಲ! ಬೆಳಿಗ್ಗೆಯಿಂದ ಗುಡ್ಡದ ಮೇಲಿದ್ದೆ."

"ನೆತ್ತಿ ಮೇಲೆ ಬಣ್ಣ ಸುರಿದದ್ದನ್ನ ನೋಡಿದೋರು ಯಾರಿದ್ದಾರೆ?"

 "ನೆತ್ತಿ ಮೇಲೆ... ಸುರಿದಿಲ್ಲ ಮೇಡಂ. ಕಾಲು ನೋವಿತ್ತು. ಅರ್ಧ ದಾರಿಲಿ ಅತ್ತಿಮರದ ಬುಡದಲ್ಲಿ ಒಂದು ಬಿರುಕಿದೆ, ಅದಕ್ಕೆ ಸುರಿದುಬಿಟ್ಟೆ. ಅಲ್ಲೇ ಮಲಗಿದ್ದೆ."

"ನೋಡಿ, ನೋಡಿ! ಬಾಯಿಬಿಟ್ಟ!" ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಸಿಕ್ಕಿಬಿದ್ದವನೊಬ್ಬ ಕೈಗೆ ಸಿಕ್ಕಿದಾಗ ಉಳಿದ ಕಳ್ಳರಿಗೆ ಆಗುವ ಆನಂದ ಅಷ್ಟಿಷ್ಟಲ್ಲ. ನಕ್ಷೆಯಕ್ಕ ನಿಟ್ಟುಸಿರು ಬಿಟ್ಟು, "ಛೆ, ಹೀಗೆ ಅಂತ ಗೊತ್ತಿರಲಿಲ್ಲ" ಎಂದಳು. ಭಾವಮೈದುನ ಸೊಂಟದ ಹಗ್ಗ ಬಿಚ್ಚದೆ ಇನ್ನೊಂದು ಸುತ್ತು ಬಿಗಿದ, ಅಪರಾಧಿ ಓಡಿಹೋಗದಿರಲಿ ಎಂದು.

ಮೇಡಂ ಕೋಲು ನೆಲಕ್ಕೆ ಕುಟ್ಟಿದರು. "ಹೇಳಿದ ಕೆಲಸ ಮಾಡಿಲ್ಲ. ಮೇಲಾಗಿ ಮೋಸ. ನಿಮ್ಮನ್ನ ಈಗಿಂದೀಗಲೇ ಕೆಲಸದಿಂದ..."

"ಅಯ್ಯೋ, ಸತ್ತೆ! ಮೇಡಂ! ಮೇಡಂ!"

ಗುಡ್ಡದ ಬುಡದ ದಾರಿಯಲ್ಲಿ ಒಂದು ಆಕೃತಿ ಎದ್ದೂ ಬಿದ್ದೂ ಓಡಿ ಬರುತ್ತಿತ್ತು. ಸೊಂಟಕ್ಕೆ ಟವೆಲ್ಲು, ತಲೆಯ ಮೇಲೆ ಸೋಪಿನ ನೊರೆ. ನೊರೆ ಹಸಿರು, ಎದೆ ಹಸಿರು, ಮೊದಲು ಬಿಳಿಯಾಗಿದ್ದ ದಪ್ಪ ಮೀಸೆ ಈಗ ಥೇಟ್ ಗಿಣಿಯ ಪುಕ್ಕ. ಬಂದವನು ಜೀಪಿನ ಡ್ರೈವರ್.

"ರಸ್ತೆ ಪಕ್ಕದ ಬಂಡೆಯಿಂದ ನೀರು ಬರುತ್ತಲ್ಲ, ಅಲ್ಲಿ ಸ್ನಾನಕ್ಕೆ ಕೂತಿದ್ದೆ ಮೇಡಂ" ಎಂದು ಅವನು ಏದುಸಿರು ಬಿಟ್ಟ. "ತಿಳಿಯಾಗಿತ್ತು. ಕಣ್ಣು ಮುಚ್ಚಿ ಸೋಪು ಹಚ್ಕೊಂಡು ಕಣ್ಣು ಬಿಡೋದ್ರಲ್ಲಿ ಹೀಗಾಗಿದೆ. ತೊಳೆದಷ್ಟೂ ಜಾಸ್ತಿ ಆಗ್ತಿದೆ. ಇದೇನು ರೋಗ ಮೇಡಂ? ನನ್ನ ಹೆಂಡ್ತಿಗೆ ಹ್ಯಾಗೆ ಮುಖ ತೋರಿಸ್ಲಿ?"

ಮೇಡಂ ಡ್ರೈವರನ್ನು ನೋಡಿದರು, ಗುಡ್ಡವನ್ನು ನೋಡಿದರು. ಅವರ ಹುಬ್ಬು ಮೆಲ್ಲಗೆ ಮೇಲಕ್ಕೆ ಹೋಯಿತು. "ಆ ಬದಿಗೆ ಬಂದಿದೆ. ಆ ಬದಿಗೆ! ಈ ಗುಡ್ಡದಲ್ಲಿ ಸುರಿದ ಬಣ್ಣ ಇಷ್ಟು ವರ್ಷದಲ್ಲಿ ಮೊದಲನೇ ಸಲ ನಿಜವಾಗಿ ಎಲ್ಲಾದ್ರೂ ಹೊರಗೆ ಬಂದಿದೆ ಅಂದ್ರೆ ಇದೇ." ಅವರು ಟೇಪಣ್ಣನ ಕಡೆ ತಿರುಗಿದರು. "ನೀವು ಹೇಳಿದ್ದು ಸತ್ಯ. ಡಬ್ಬ ಪೂರ್ತಿ ಅತ್ತಿಮರದ ಬಿರುಕಿಗೇ ಹೋಗಿದೆ. ಹಾಗಾದ್ರೆ ಈ ಗಂಟುಗಳು ಯಾರವು?"

 ಮೇಡಂ ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದರು.

"ಎಲ್ರೂ ಕೈ ಚಾಚಿ."

ಸಾಹೇಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಮಗೆ ನೀರು ಸೋಕಿದರೆ ಶೀತವಾಗುತ್ತದೆ ಎಂದರು. ನಕ್ಷೆಯಕ್ಕ ತನ್ನ ಬೆರಳಿನಲ್ಲಿ ಗಾಯವಿದೆ ಎಂದಳು. ಭಾವಮೈದುನ ಹಗ್ಗ ಬಿಟ್ಟರೆ ಭಾವ ಓಡಿಹೋಗುತ್ತಾನೆ ಎಂದ. ಆದರೂ ಬಾಟಲಿ ಬಾಗಿತು. ಮೊದಲ ಹನಿ ಬೀಳುತ್ತಲೇ ಸಾಹೇಬರ ಹತ್ತು ಉಗುರುಗಳಲ್ಲೂ ವಸಂತ ಮೂಡಿತು. ನಕ್ಷೆಯಕ್ಕನ ಬೆರಳುಗಳಿಂದ ಹಸಿರು ತೊಟ್ಟಿಕ್ಕಿತು. ಭಾವಮೈದುನ ಹಣೆ ಕೆರೆದುಕೊಂಡಿದ್ದನೆಂದು ಕಾಣುತ್ತದೆ, ಅವನ ಹಣೆಯಲ್ಲೂ ಒಂದು ಎಲೆ ಚಿಗುರಿತು.

ಒಬ್ಬೊಬ್ಬರೂ ಇನ್ನೊಬ್ಬರನ್ನು ನೋಡಿದರು. ಅವರ ಮುಖದಲ್ಲಿ ನಾಚಿಕೆಗಿಂತ ಬೆರಗೇ ಹೆಚ್ಚಾಗಿತ್ತು. ಬೆಳಿಗ್ಗೆ ಬಣ್ಣ ಬರುವುದನ್ನು ನೋಡಲು ಬುಗ್ಗೆ ಕಾಯುವ ಸರದಿ ಬಂದಾಗ ಪ್ರತಿಯೊಬ್ಬರೂ ತಾವೊಬ್ಬರೇ ಜಾಣರೆಂದು ತಿಳಿದು, ಹೋದ ವರ್ಷ ಉಳಿದಿದ್ದ ಪುಡಿಯನ್ನು ಗಂಟು ಕಟ್ಟಿ, ಕೈ ನೆನೆಯದಂತೆ ಕಡ್ಡಿಯಿಂದ ತುರುಕಿ ಬಂದಿದ್ದರು. ಬುಗ್ಗೆ ಅಷ್ಟು ಗಟ್ಟಿಯಾಗಿ ಹಸಿರಾದದ್ದು ಸುಮ್ಮನೆ ಅಲ್ಲ.

"ನೀನೂನಾ?" ಎಂದರು ಸಾಹೇಬರು ನಕ್ಷೆಯಕ್ಕನಿಗೆ, ನೊಂದು.

ಟೇಪಣ್ಣನ ಎದೆಯ ಮೇಲಿದ್ದ ಬಂಡೆ ಇಳಿದಂತಾಯಿತು. ಸತ್ಯ ಗೆದ್ದಿತ್ತು, ಅದೂ ಅವನ ಸೋಮಾರಿತನದ ಹೆಗಲ ಮೇಲೆ ಕೂತು ಬಂದು ಗೆದ್ದಿತ್ತು. ಮೇಡಂ ಈಗ ಕುರ್ಚಿಯ ಮಾತೆತ್ತುತ್ತಾರೆಂದು ಅವನು ಅಂಗಿಯ ಗುಂಡಿ ಹಾಕಿಕೊಂಡು ಸಿದ್ಧನಾಗಿ ನಿಂತ. ಮೇಡಂ ಎತ್ತಿದರು ಕೂಡ.

"ನಿಮ್ಮಂಥವರನ್ನ ಕಾಡಿಗೆ ಕಳಿಸೋದೇ ತಪ್ಪು" ಎಂದು ಅವರು ಮೂವರ ಮೇಲೂ ಹರಿಹಾಯ್ದರು. "ಇನ್ಮೇಲೆ ಯಾರೂ ಒಂದು ಗುಹೆಗೂ ತಲೆ ಹಾಕೋ ಹಾಗಿಲ್ಲ. ಕೇಂದ್ರ ಕಚೇರಿಗೆ ಎಳೆದು ಹಾಕ್ತೀನಿ. ಸಾಹೇಬರೇ, ನೀವು ನನ್ನ ಪಕ್ಕದ ಕೋಣೆಯಲ್ಲಿ, ನನ್ನ ಕಣ್ಣೆದುರು. ನೀವಮ್ಮಾ, ಗ್ರಂಥಾಲಯದಲ್ಲಿ ಕೂತು ಹಳೇ ನಕ್ಷೆಗಳ ಧೂಳು ಒರೆಸಿ. ಏನಯ್ಯಾ, ನಿನ್ನನ್ನ ಎಲ್ಲಿ ಹಾಕೋದು? ಹ್ಞಾಂ, ಉಗ್ರಾಣದಲ್ಲಿ ಒಂದು ಕುರ್ಚಿ ಖಾಲಿ ಇದೆ. ಅಲ್ಲಿ ಬಿದ್ದಿರು, ನಿವೃತ್ತಿ ಆಗೋವರೆಗೆ!"

ಟೇಪಣ್ಣ ಸೊಂಟದ ಹಗ್ಗವನ್ನು ಎಳೆದುಕೊಂಡೇ ಒಂದು ಹೆಜ್ಜೆ ಮುಂದೆ ಬಂದ.

"ಮತ್ತೆ ನಾನು ಮೇಡಂ?"

ಮೇಡಂ ಮುಖ ಮೃದುವಾಯಿತು. "ನಿಮ್ಮಂಥ ಪ್ರಾಮಾಣಿಕರನ್ನ ಕಚೇರಿಲಿ ಕೂರಿಸೋ ತಪ್ಪು ನಾನು ಮಾಡಲ್ಲ. ಈ ಗುಡ್ಡ ಇನ್ಮೇಲೆ ನಿಮ್ಮದು. ಪ್ರತಿ ವರ್ಷ ನೀವೇ ಬರ್ಬೇಕು, ಹೊಸ ತಂಡ ಕೊಡ್ತೀನಿ."

"ನಾನು ಪ್ರಾಮಾಣಿಕ ಅಲ್ಲ ಮೇಡಂ!" ಟೇಪಣ್ಣನ ದನಿ ಒಡೆಯಿತು. "ನೆತ್ತಿಗೆ ಹೋಗು ಅಂದ್ರೆ ಹೋಗಿಲ್ಲ. ಹೋದೆ ಅಂತ ನಂಬಿಸಿದೆ. ಬರೀ ಸೋಮಾರಿ ನಾನು!"

"ಹೇಳಿದ ಕಡೆ ಸುರಿಯೋರು ಬೇಕಾದಷ್ಟು ಜನ ಇದ್ದಾರೆ. ತೋಚಿದ ಕಡೆ ಸುರಿಯೋನೇ ಶೋಧಕ."

"ಆ ಗಂಟುಗಳೂ ನಂದೇ! ಕರವಸ್ತ್ರ ಕದ್ದೋನು ನಾನೇ, ತಲೆವಸ್ತ್ರಾನೂ ನಾನೇ, ಕಾಲುಚೀಲಾನೂ ನಾನೇ! ನನಗೂ ಶಿಕ್ಷೆ ಕೊಡಿ ಮೇಡಂ, ಕೈ ಮುಗಿದು ಕೇಳ್ಕೋತೀನಿ!"

ಮೇಡಂ ಕಣ್ಣು ತುಂಬಿ ಬಂತು. ಅವರು ಮೂವರ ಕಡೆ ತಿರುಗಿ, "ನೋಡಿದ್ರಾ? ನೀವು ಇವರ ಮೇಲೆ ಕಳ್ಳತನ ಹೊರಿಸಿದ್ರಿ. ಇವರು ನಿಮ್ಮ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಇಂಥವರನ್ನ ನಾನು ಎಲ್ಲಿ ಹುಡುಕ್ಲಿ?" ಎಂದರು. ಸಾಹೇಬರು ತಲೆ ತಗ್ಗಿಸಿದರು. ತಗ್ಗಿಸಿದ ತಲೆಯೊಳಗೆ ನಗು ತಡೆಯುವ ಪ್ರಯತ್ನ ನಡೆದಿತ್ತು.

ಅವರ ಸಾಮಾನು ಕಟ್ಟುವ ಚುರುಕನ್ನು ನೋಡಬೇಕಿತ್ತು. ಶಿಕ್ಷೆಗೆ ಹೋಗುವವರು ಅಷ್ಟು ಬೇಗ ಹಾಸಿಗೆ ಸುತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಭಾವಮೈದುನ ಹೊರಡುವ ಮೊದಲು ಟೇಪಣ್ಣನ ಹತ್ತಿರ ಬಂದು, ಸೊಂಟದಲ್ಲಿ ಇನ್ನೂ ಬಿಗಿದಿದ್ದ ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೇ ಕೊಟ್ಟ. "ತಪ್ಪು ಮಾಡಿದ್ದೀನಿ ಭಾವ, ಅನುಭವಿಸ್ಲೇಬೇಕು" ಎಂದು ತುಂಬ ಗಂಭೀರವಾಗಿ ಹೇಳಿದ. "ಮನೆಗೆ ಏನಾದ್ರೂ ಹೇಳ್ಬೇಕಾ? ನಾಳೆಯಿಂದ ನಾನು ದಿನಾ ಅಲ್ಲೇ ಊಟಕ್ಕೆ ಹೋಗ್ತೀನಲ್ಲ."

ಟೇಪಣ್ಣ ಹೇಳಬೇಕೆಂದಿದ್ದ ಮಾತುಗಳು ಮೇಡಂ ಎದುರಿಗೆ ಆಡುವಂಥವಾಗಿರಲಿಲ್ಲ.

ಕಾಲುದಾರಿ ಹಿಡಿದ ಮೇಡಂ ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು. "ಅಂದ ಹಾಗೆ, ಆ ಅತ್ತಿಮರದ ಬಿರುಕಿನಿಂದ ರಸ್ತೆವರೆಗೆ ಒಳಗೇ ದಾರಿ ಇದೆ ಅಂತಾಯ್ತಲ್ಲ. ಮೊದಲು ಅದನ್ನ ಅಳೆದುಬಿಡಿ. ಬಿರುಕು ಎಷ್ಟು ಅಗಲ ಇದೆ?"

ಟೇಪಣ್ಣ ಎರಡೂ ಕೈಗಳನ್ನು ಎತ್ತಿ ನಡುವೆ ಜಾಗ ತೋರಿಸಿದ. ಒಂದು ತಲೆ ಹಿಡಿಸುವಷ್ಟಿತ್ತು.

ಮೇಡಂ ಆ ಜಾಗವನ್ನು ನೋಡಿದರು, ಆಮೇಲೆ ಅವನ ಹೊಟ್ಟೆಯನ್ನು ನೋಡಿದರು. "ಪರವಾಗಿಲ್ಲ. ಸ್ವಲ್ಪ ಕಡಿಮೆ ತಿಂದ್ರೆ ಆಗುತ್ತೆ" ಎಂದು ಹೊರಟುಹೋದರು.

ಬೆಳಿಗ್ಗೆಯಿಂದ ಉಪವಾಸವಿದ್ದ ಟೇಪಣ್ಣನಿಗೆಂದು ಅಡುಗೆಯಮ್ಮ ಅಷ್ಟರಲ್ಲಿ ತಟ್ಟೆಯಲ್ಲಿ ಆಲೂಗಡ್ಡೆ ಹಾಕಿ ತಂದಿದ್ದಳು. ಅವಳೂ ಆ ಮಾತನ್ನು ಕೇಳಿಸಿಕೊಂಡಳು. ಒಂದು ಕ್ಷಣ ಯೋಚಿಸಿ, ತಟ್ಟೆಯಿಂದ ಎರಡು ಆಲೂಗಡ್ಡೆಗಳನ್ನು ವಾಪಸು ತೆಗೆದುಕೊಂಡು, ಉಳಿದ ಒಂದನ್ನು ಅವನ ಮುಂದಿಟ್ಟಳು.